ಮೀಟರಿನ ಮುಳ್ಳು

ಅಂಗಡಿಯಲ್ಲಿ ಎಡ್ಲಿನಾ, ಕಡಲಲ್ಲಿ ಮುಳುಗುವವರು ಉಸಿರಾಡಲು ಬಳಸುವ ರೆಗ್ಯುಲೇಟರಿನ ರಬ್ಬರನ್ನು ಬಾಯಲ್ಲಿ ಕಚ್ಚಿ ಉಸಿರೆಳೆದದ್ದೇ ತಡ, ಕೊಳ್ಳಲು ಬಂದಿದ್ದ ಸೆಲ್ವಿನ್ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅದು ಬೇಡ, ಬೇರೆ ತೋರಿಸಿ ಎಂದ.

ಅವಳು ಇನ್ನೊಂದನ್ನು ಸಿಲಿಂಡರಿಗೆ ಸಿಕ್ಕಿಸಿದಳು. ಅದಕ್ಕೂ ಬಾಯಿಟ್ಟಳು. ಅದೂ ಬೇಡವಂತೆ.

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವಳ ಅಣ್ಣ ಒಬೆದ್ ಆಗಲೇ ನಗತೊಡಗಿದ್ದ. "ಇನ್ನೂ ಹೊಳೀಲಿಲ್ವೇನೇ ತಂಗಿ? ಹೆಣ್ಣಿನ ಬಾಯಿ ತಾಗಿದ್ದನ್ನ ಕಚ್ಚಿಕೊಂಡು ನೀರಿಗಿಳಿದ್ರೆ ತಳದಲ್ಲಿರೋ ಕಡಲ ಹೆಣ್ಣಿಗೆ, ಆ ದೇವತೆಗೆ, ಹೊಟ್ಟೆ ಉರಿಯುತ್ತಂತೆ. ಸಾಹೇಬ್ರು ಮಡಿ ಕಾಯ್ತಿದ್ದಾರೆ."

ಸೆಲ್ವಿನ್ ನೆಲ ನೋಡಿದ. ಅವನ ಕಿವಿ ಬಿಸಿಯಾಗಿದ್ದು ಅವಳಿಗೆ ಮುಟ್ಟದೆಯೇ ಗೊತ್ತಾಯಿತು.

"ನನ್ನ ಬಾಯಿ ತಾಗದ್ದು ಈ ಅಂಗಡೀಲಿ ಒಂದೂ ಇಲ್ಲ," ಎಂದಳು. "ನಾನು ಉಸಿರಾಡಿ ನೋಡದೆ ಯಾರಿಗೂ ಕೊಡಲ್ಲ. ಮಡಿ ಬೇಕಿದ್ರೆ ಪ್ರವಾಸಿಗರ ದ್ವೀಪದ ಅಂಗಡಿಗೆ ಹೋಗಿ. ಅಲ್ಲಿ ಹೊಸದನ್ನ ಪ್ಲಾಸ್ಟಿಕ್ ಸುತ್ತಿ ಇಟ್ಟಿರ್ತಾರೆ."

ದ್ವೀಪದ ಹೊಸ ರೆಗ್ಯುಲೇಟರಿನ ಬೆಲೆಗೆ ಈ ಪ್ವೆರ್ತೊ ಲೆಂಪಿರಾ ಊರಿನ ಒಂದು ಸಂಸಾರ ಮಳೆಗಾಲವಿಡೀ ಉಣ್ಣಬಹುದು. ಅಲ್ಲಿ ಮೀನು ನೋಡುವ ಮೋಜಿಗೆ ಮುಳುಗುವವರು ಹಳತಾಯಿತೆಂದು ಬಿಟ್ಟದ್ದೇ ಸರಕುದೋಣಿ ಹತ್ತಿ ಇಲ್ಲಿಗೆ ಬರುತ್ತದೆ; ಇಲ್ಲಿ ಹೊಟ್ಟೆಪಾಡಿಗೆ ಮುಳುಗುವ ಮಿಸ್ಕಿತೊ ಬುಡಕಟ್ಟಿನ ಗಂಡಸರಿಗೆ ಅದೇ ಹೊಸದು. ಆ ಗಂಡಸರು ತಳದಿಂದ ಕಿತ್ತು ತರುವ ಲಾಬ್‌ಸ್ಟರ್ ಮಾತ್ರ ಒಂದು ದಿನವೂ ಹಳತಾಗದೆ, ಮಂಜುಗಡ್ಡೆಯ ಮೇಲೆ ಮಲಗಿ, ಹೊರದೇಶದ ಊಟದ ಮೇಜಿಗೆ ಹೋಗುತ್ತದೆ.

ಸೆಲ್ವಿನ್ ಕೊಳ್ಳದೆ ಹೋದ. ಮತ್ತೆ ಬಂದ. ಬಂದಾಗಲೆಲ್ಲ ಒಂದು ನೆಪ: ಕಾಲಿಗೆ ಕಟ್ಟುವ ಈಜುರೆಕ್ಕೆಯ ಪಟ್ಟಿ, ಕನ್ನಡಕದ ಗಾಜು. ಅವಳು ಹಳೆಯ ರೆಗ್ಯುಲೇಟರ್ ಬಿಚ್ಚಿ ಒಳಗಿನ ಜಾಲರಿ ತೋರಿಸುವಳು. ಹಸಿರು ಹಿಡಿದಿದ್ದರೆ ಉಪ್ಪುನೀರು ಒಳಹೊಕ್ಕಿದೆ, ಎಷ್ಟು ಅಗ್ಗವಾದರೂ ಮುಟ್ಟಬೇಡಿ ಎನ್ನುವಳು. ಆಮೇಲೆ ಉಸಿರೆಳೆಯುತ್ತ, ಗಾಳಿ ಎಷ್ಟು ಉಳಿದಿದೆಯೆಂದು ಹೇಳುವ ಮೀಟರನ್ನು ಅವನ ಮುಖದೆದುರು ಹಿಡಿಯುವಳು. ಉಸಿರಿನ ಜೊತೆ ಮುಳ್ಳು ನಡುಗಿದರೆ ಅದು ಕೆಟ್ಟದ್ದು. ಅಲುಗದೆ ನಿಂತರೆ ನಂಬಬಹುದು.

ಅವನು ಮುಳ್ಳನ್ನು ಬಿಟ್ಟು ಉಳಿದದ್ದೆಲ್ಲ ನೋಡುತ್ತಿದ್ದ. ಉಸಿರೆಳೆದಾಗ ಅವಳ ಕೊರಳ ಬುಡದಲ್ಲಿ ಏಳುವ ಗುಳಿ, ರಬ್ಬರು ತೆಗೆದ ಮೇಲೆ ತುಟಿಯಂಚಲ್ಲಿ ಉಳಿಯುವ ಗೆರೆ.

"ಮೀಟರ್ ಇಲ್ಲಿದೆ," ಎನ್ನುವಳು ಅವಳು.

"ನೋಡ್ತಿದೀನಲ್ಲ."

"ಹಂಗಾದ್ರೆ ಎಷ್ಟು ತೋರಿಸ್ತಿದೆ ಹೇಳಿ."

ಅವನಿಗೆ ಹೇಳಲಾಗುತ್ತಿರಲಿಲ್ಲ. ಒಬೆದ್ ತೆಂಗಿನ ಹಾಲು ಹಾಕಿ ಕಡೆದ ಬಾಳೆಹಣ್ಣಿನ ವಾಬುಲ್ ಕುಡಿಯುತ್ತ ಲೋಟದೊಳಗೇ ನಗುವನು.

ಒಂದು ಮಧ್ಯಾಹ್ನ ಸೆಲ್ವಿನ್ ಪಟ್ಟಿಯ ಗಂಟು ಬಿಚ್ಚಲು ಹೋಗಿ ಸೋತ. ಎಡಗೈ ಬೆರಳುಗಳು ಗಂಟಿನ ಮೇಲೆ ಸುಮ್ಮನೆ ಜಾರಿದವು. ಎಡ್ಲಿನಾ ಆ ಕೈ ಹಿಡಿದು ಕಿರುಬೆರಳಿನ ತುದಿ ಚಿವುಟಿದಳು. ಅವನು ಅವಳ ಮುಖ ನೋಡುತ್ತಲೇ ಇದ್ದ, ಚಿವುಟಿದ್ದು ಗೊತ್ತಾಗಿರಲಿಲ್ಲ. ಅಣ್ಣ ಮುಳುಗುತ್ತಿದ್ದಾಗ ಅವನಿಗೂ ಹೀಗೆ ಬೆರಳಿನಿಂದಲೇ ಶುರುವಾಗಿತ್ತು. ಮುಂದಿನ ಲಾಬ್‌ಸ್ಟರ್ ಸೀಸನ್ನಿನಲ್ಲಿ ಕಾಲು ಸ್ವಾಧೀನ ತಪ್ಪಿತು.

ಕೇಳಿದ ಮೇಲೆ ಒಪ್ಪಿಕೊಂಡ. ದೋಣಿಯವರು ಕೊಡುವ ರೆಗ್ಯುಲೇಟರಿಗೆ ಮೀಟರೇ ಇರುವುದಿಲ್ಲ. ತಳದಲ್ಲಿದ್ದಾಗ ಗಾಳಿ ಏಕಾಏಕಿ ಮುಗಿದು ಬಾಣದ ಹಾಗೆ ಮೇಲಕ್ಕೆದ್ದಿದ್ದ; ಹಾಗೆ ಎದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ನರ ಸಾಯುತ್ತದೆ. ಕಡಲ ಹೆಣ್ಣು ಗುರುತು ಹಾಕಿದ್ದಾಳೆ, ಹರಕೆ ಕಟ್ಟಿಕೋ ಎಂದಿದ್ದನಂತೆ ಕ್ಯಾಪ್ಟನ್. ಈ ಸಲ ಸ್ವಂತ ಮೀಟರ್ ಒಯ್ಯೋಣವೆಂದೇ ಅವನು ಈ ಅಂಗಡಿ ಹತ್ತಿದ್ದು.

"ಊರ ತುಂಬ ಕಾಲು ಬಿದ್ದುಹೋದ ಗಂಡಸರು," ಎಂದಳು ಎಡ್ಲಿನಾ. ದನಿ ಏರಲಿಲ್ಲ, ಗಟ್ಟಿಯಾಯಿತು. "ಎಲ್ಲಾ ಕಾಲೂ ಅವಳೇ ತಿಂದಳಾ? ಒಬ್ಬ ಕ್ಯಾಪ್ಟನ್ ಕಾಲಾದ್ರೂ ತಿಂದಿದ್ದಾಳಾ? ತಪ್ಪೆಲ್ಲ ಅವಳ ತಲೆಗೆ ಕಟ್ಟಿದ್ರೆ ಮೀಟರಿನ ದುಡ್ಡು ಉಳಿಯುತ್ತೆ, ಅಷ್ಟೇ."

ಅವನು ಕೈ ಬಿಡಿಸಿಕೊಳ್ಳಲು ನೋಡಿದ, ಅವಳು ಬಿಡಲಿಲ್ಲ.

"ಈ ಕೈ ಇಟ್ಕೊಂಡು ನೀನು ಇನ್ನು ಇಳೀಬಾರದು. ಎಂಥಾ ಮೀಟರೂ ಇದನ್ನ ಕಾಯಲ್ಲ."

"ಇಳೀದಿದ್ರೆ ಏನು ತಿನ್ನೋದು?"

ಬೋನು ಇಟ್ಟು ಲಾಬ್‌ಸ್ಟರ್ ಹಿಡಿಯುವ ದೋಣಿಗಳಿವೆ, ಅಲ್ಲಿ ಯಾರೂ ಮುಳುಗುವುದಿಲ್ಲ, ಕೂಲಿ ಮಾತ್ರ ಅರ್ಧ ಎಂದು ಒಬೆದನೇ ಹೇಳಿದ. ಸೆಲ್ವಿನ್ ರೆಗ್ಯುಲೇಟರನ್ನೂ ಮೀಟರನ್ನೂ ಕೊಂಡು, ಅವಳತ್ತ ನೋಡದೆ ಹೋದ.

ಸೀಸನ್ ಶುರುವಾದ ಬೆಳಿಗ್ಗೆ ಜೆಟ್ಟಿಯ ತುಂಬ ಜನ. ಎಡ್ಲಿನಾ ಅಣ್ಣನ ಕುರ್ಚಿ ತಳ್ಳಿಕೊಂಡು ಬಂದಿದ್ದಳು. ಅಣ್ಣನಿಗೆ ದೋಣಿ ನೋಡಬೇಕಂತೆ ಎಂದು ಎದುರಾದವರಿಗೆಲ್ಲ ಹೇಳಿದಳು, ಒಬೆದ್ ಎದುರಾಡಲಿಲ್ಲ.

ಸೆಲ್ವಿನ್ ತನ್ನ ರೆಗ್ಯುಲೇಟರನ್ನು ಜೆಟ್ಟಿಯ ಮೇಲಿದ್ದ ಸಿಲಿಂಡರೊಂದಕ್ಕೆ ಸಿಕ್ಕಿಸಿ ನೋಡುತ್ತಿದ್ದ. ಕ್ಯಾಪ್ಟನ್ ದೋಣಿಯಿಂದ ಬಗ್ಗಿ, ಮೀಟರ್ ಬಿಚ್ಚಿಟ್ಟು ಹತ್ತು ಎಂದ. ಒಬ್ಬ ಮೀಟರ್ ನೋಡಿ ಗಾಳಿ ಮುಗಿಯುವ ಮೊದಲೇ ಮೇಲೆ ಬಂದರೆ ನಾಳೆ ಎಲ್ಲರೂ ಅದನ್ನೇ ಕಲಿಯುತ್ತಾರೆ. ಅಷ್ಟು ಬಾಯಿಬಿಟ್ಟು ಹೇಳಲಾರದೆ, "ಹೆಣ್ಣು ಬಾಯಿಟ್ಟ ಸಾಮಾನು ನನ್ನ ದೋಣಿಗೆ ಬೇಡ, ಕಡಲ ಹೆಣ್ಣಿಗೆ ಸಿಟ್ಟು ಬರುತ್ತೆ," ಎಂದ. ಮುಳುಗುಗಾರರು ತಲೆತಗ್ಗಿಸಿ ನಿಂತರು.

ಸೆಲ್ವಿನ್ ತನ್ನ ಎಡಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಜನರ ನಡುವೆ ಅವಳನ್ನು ಹುಡುಕಿದ.

"ಎಡ್ಲಿನಾ, ಬಾ ಇಲ್ಲಿ. ಒಂದ್ಸಲ ಉಸಿರಾಡಿ ತೋರಿಸು."

ಅವಳು ಹೋದಳು. ಎಲ್ಲರೆದುರು ರಬ್ಬರು ಕಚ್ಚಿ ಉಸಿರೆಳೆದು, ತೆಗೆದು, ರೂಢಿಯಂತೆ ಲಂಗದ ಅಂಚಿಗೆ ಒರೆಸಲು ಬಗ್ಗಿದಳು.

"ಒರೆಸಬೇಡ."

ಹಾಗೇ ಇಸಿದುಕೊಂಡು ತನ್ನ ಬಾಯಿಗಿಟ್ಟುಕೊಂಡ. ಜೆಟ್ಟಿಯ ಮೇಲೆ ಯಾರೋ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಕ್ಯಾಪ್ಟನ್, ಹತ್ತುತ್ತೀಯೋ ಇಲ್ಲವೋ ಎಂದು ಕೇಳಿದ. ಸೆಲ್ವಿನ್ ರಬ್ಬರು ಕಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸಿದ. ಅವನ ಚೀಲ ದೋಣಿಯಿಂದ ಹಾರಿ ಬಂದು ಹಲಗೆಯ ಮೇಲೆ ಬಿತ್ತು. ಎಂಜಿನ್ ಗುಡುಗಿತು. ದೋಣಿ ಹಿನ್ನೀರನ್ನು ಕಲಕುತ್ತ ಹೊರಟಿತು. ಕಟಕಟೆಗೆ ಒರಗಿದ್ದ ಮುಳುಗುಗಾರರು ಕಣ್ಮರೆಯಾಗುವವರೆಗೂ ಅವನತ್ತಲೇ ನೋಡುತ್ತಿದ್ದರು.

"ಅರ್ಧ ಕೂಲಿ ಮಾರಾಯ," ಎಂದ ಒಬೆದ್. ಅವನ ಕಣ್ಣು ತುಂಬಿತ್ತು.

ಸೆಲ್ವಿನ್ ಇನ್ನೂ ಉಸಿರಾಡುತ್ತಲೇ ಇದ್ದ, ನಿಧಾನವಾಗಿ, ಆಸೆಯಿಂದ. ಮೀಟರ್ ಅವಳ ಅಂಗೈಯಲ್ಲಿತ್ತು. ಮೊದಲ ಸಲ ಅವನು ಅದನ್ನು ಸರಿಯಾಗಿ ನೋಡಿ, ರಬ್ಬರು ತೆಗೆದ.

"ಮುಳ್ಳು ನಡುಗ್ತಿದೆಯಲ್ಲ. ಕೆಟ್ಟದ್ದನ್ನ ಮಾರಿಬಿಟ್ಟೆಯಾ?"

"ಮುಳ್ಳು ಸರಿಯಾಗೇ ಇದೆ," ಎಂದಳು ಎಡ್ಲಿನಾ. "ನಡುಗ್ತಿರೋದು ನನ್ನ ಕೈ."