ಹೆಣದ ಮುಂದೆ ಹಾಡಿದ ಸಾಲು

ಬೀರಮ್ಮನ ಹೆಣ ನಾಲೆಯ ತೂಬಿಗೆ ಸಿಕ್ಕಿಕೊಂಡಿತ್ತು. ಮುಳುಗಿ ಸತ್ತವಳಲ್ಲ — ಕತ್ತಿನ ಮೇಲೆ ಬೆರಳಿನ ಗುರುತು! ಕಿರುಗಾವಲಿನ ಪಕ್ಕದ ಆ ಹಳ್ಳಿಗೆ ತನಿಖೆಗೆ ಹೋದ ದಫೇದಾರ ನಾನೇ.

ಆಕೆಯ ಗಂಡ ಹುಚ್ಚೀರಯ್ಯ ಬರ್ಮಾ ಯುದ್ಧದಲ್ಲಿ ಸತ್ತನೆಂದು ತಂತಿ ಬಂದು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅತ್ತೆ ದೊಡ್ಡಮ್ಮ, ಮೈದುನ ಪುಟ್ಟಮಾದಯ್ಯ. ಗದ್ದೆಗೆ ನೀರು ಹಾಯಿಸುವ ವಿಷಯಕ್ಕೆ ಅತ್ತಿಗೆ ಮೈದುನರು ಹಿಂದಿನ ದಿನ ಜಗಳವಾಡಿದ್ದನ್ನು ಬೀದಿಯೇ ಕೇಳಿತ್ತು. ಇನ್ನೇನು ಬೇಕು? ಅವನಿಗೆ ಬೇಡಿ ತೊಡಿಸಿದೆ. ನೇಣು ಖಂಡಿತ ಎಂದುಕೊಂಡೆ.

ಆದರೂ ಆ ಮನೆ ನನಗೆ ಹಿಡಿಸಲಿಲ್ಲ. ನಡುಮಧ್ಯಾಹ್ನ, ಹಿತ್ತಿಲಲ್ಲಿ ನಿಂತರೆ ಕಾಲಡಿಯಿಂದ ನರಳುವ ದನಿ — ಹೆಣ್ಣೋ ಗಂಡೋ ತಿಳಿಯದು.

"ಬೀರಮ್ಮ ಇನ್ನೂ ಓಗಿಲ್ಲ ಸ್ವಾಮಿ, ಅಲ್ಲೇ ಅವ್ಳೆ" ಎಂದ ನೆರೆಯ ಚಿಕ್ಕಬೋರಮ್ಮ ಬೇಲಿ ದಾಟಲಿಲ್ಲ. ಖಾಕಿ ತೊಟ್ಟ ನನಗೂ ಮೈ ಜುಮ್ಮೆಂದಿತು. ಸುಳ್ಳೇಕೆ ಹೇಳಲಿ?

ಮಂಡ್ಯದ ಕನ್ನಡ ಪಂಡಿತ ಮಹದೇವಯ್ಯನವರಿಗೆ ಹಳ್ಳಿ ಹಾಡುಗಳ ಹುಚ್ಚು. ಸಾವಿನ ಮನೆಗೂ ಬಂದಿದ್ದರು. ದೊಡ್ಡಮ್ಮ ಸೊಸೆಯ ಹೆಣದ ಮುಂದೆ ಹಾಡಿಕೊಂಡು ಅಳುವಾಗ ನನ್ನ ಪಕ್ಕದಲ್ಲೇ ನಿಂತಿದ್ದರು.

"ತಾಳಿ ಕಟ್ದೋನ್ನ ಒಂಟಿ ಮಾಡಿ ಓದ್ಯಲ್ಲವ್ವಾ..."

ನನಗೂ ಕೇಳಿಸಿತ್ತು. ಅಳುವವರ ಹಾಡನ್ನು ಯಾರಾದರೂ ತನಿಖೆ ಮಾಡುತ್ತಾರೆಯೇ?

ಪಂಡಿತರು ಮಾಡಿದರು. ಮಣ್ಣು ಮಾಡಿ ಬಂದ ಮೇಲೆ ಜಗಲಿಯಲ್ಲಿ ಕೂತು ಕೇಳಿದರು. ಬೇಡಿ ತೊಟ್ಟ ಪುಟ್ಟಮಾದಯ್ಯ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ.

"ದೊಡ್ಡಮ್ಮನವರೇ, ಗಂಡ ಸತ್ತವಳು ತೀರಿಕೊಂಡರೆ ಏನೆಂದು ಹಾಡ್ತೀರಿ?"

"ಗಂಡನ್ ತಾವ್ಕೇ ಓದ್ಯಲ್ಲವ್ವ ಅಂತೀವಿ."

"ಬೀರಮ್ಮನಿಗೆ ಹಾಗೆ ಹಾಡಲಿಲ್ಲ. ಯಾಕೆ?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಂಕಟದಾಗೆ ಬಾಯ್ ತಪ್ತು ಕಣಪ್ಪ."

"ತಪ್ಪಿರಬಹುದಲ್ಲ, ಪಂಡಿತರೇ?" ಎಂದೆ ನಾನು.

"ಮುತ್ತೈದೆಗೆ ಹಾಡುವ ಸಾಲು ಅದು, ದಫೇದಾರರೇ. ಸಾಲೊಂದನ್ನೇ ಕೇಳಿದರೆ ಬರಿಯ ಅಳು. ಯಾರು, ಯಾರ ಹೆಣದ ಮುಂದೆ ಹಾಡಿದರು, ನೋಡಿ. ಹೆತ್ತ ತಾಯಿ, ಸತ್ತ ಮಗನ ಹೆಂಡತಿಗೆ! ಮಗ ಸತ್ತದ್ದನ್ನು ತಾಯಿ ಮರೆಯುತ್ತಾಳೆಯೇ? ಅವನು ಸತ್ತೇ ಇಲ್ಲ. ಪಲ್ಟನ್ ಬಿಟ್ಟು ಓಡಿಬಂದಿದ್ದಾನೆ. ನಿಮ್ಮ ಹಿತ್ತಿಲ ದೆವ್ವಕ್ಕೆ ಬಂದಿರುವುದು ಬರ್ಮಾದ ಚಳಿಜ್ವರ. ಬೀರಮ್ಮ ಅವನನ್ನು ಕಂಡಳು — ಊರಿಗೆ ಗೊತ್ತಾದರೆ ಪಲ್ಟನ್ನಿನವರು ಹಿಡಿದೊಯ್ಯುತ್ತಾರೆಂದು ಕೊಂದ."

"ಸುಳ್ಳು!" ದೊಡ್ಡಮ್ಮ ಚೀರಿದಳು.

"ನೀವು ಸುಮ್ಮನಿದ್ದರೆ ನೇಣು ಬೀಳುವುದು ಚಿಕ್ಕ ಮಗನ ಕೊರಳಿಗೆ, ತಾಯಿ."

ಪುಟ್ಟಮಾದಯ್ಯ ಬೇಡಿಯ ಕೈಗಳನ್ನು ಎತ್ತಿಕೊಂಡೇ ಎದ್ದ. "ಅವ್ವ... ಅಣ್ಣ ಬದುಕವ್ನಾ?"

ಆಕೆ ಅವನ ಬೇಡಿಯನ್ನು ಬೆರಳಿಂದ ಸವರಿದಳು.

"ಮತ್ತೆ ಕುಂಕುಮ ಇಕ್ಕೋತೀನಿ, ಈಚ್ಗೆ ಬಾ ಅಂದ್ಲು ಕಣಪ್ಪ ಸೊಸೆ. ಅಷ್ಟೇ ಅಂದಿದ್ದು."

ಎದ್ದು ಹಿತ್ತಿಲಿಗೆ ನಡೆದಳು. ನೆಲದೊಳಗೆ ರಾಗಿ ತುಂಬುವ ಹಗೇವಿನ ಬಾಯಿಂದ ಹುಲ್ಲು ಸರಿಸಿ, ಚಪ್ಪಡಿಯನ್ನು ಪಕ್ಕಕ್ಕೆ ಎಳೆದಳು. ಕತ್ತಲೊಳಗಿಂದ ಒಣಗಿದ ದನಿ ಮೇಲೆ ಬಂತು:

"ಅವ್ವಾ... ಪೋಲೀಸ್ನೋರು ಓದ್ರಾ?"

ನಾನು ಪುಟ್ಟಮಾದಯ್ಯನ ಬೇಡಿ ಬಿಚ್ಚಿದೆ, ಅದನ್ನು ಕೈಯಲ್ಲೇ ಹಿಡಿದುಕೊಂಡು ಹಗೇವಿನತ್ತ ಬಗ್ಗಿದೆ.