ಹಾಳೆಯಲ್ಲಿ ಇಲ್ಲದ ಮಾತು

"ಕಿವಿಗೆ ಕ್ಲಿಪ್ ಹಾಕುತ್ತೇನೆ. ಅರ್ಧ ನಿಮಿಷ ಚುರುಚುರು ಅನ್ನಿಸಬಹುದು. ಇದರಿಂದ ನೋವಾಗುವುದಿಲ್ಲ."

ಪರೀಕ್ಷಕ ಹಾಳೆಯಿಂದ ಕಣ್ಣೆತ್ತದೆ ಓದಿದ. ಕುರ್ಚಿಯಲ್ಲಿ ಕುಳಿತಿದ್ದ ಸೈಕಲ್ ಪಟು ಆ ಹಾಳೆಯನ್ನೇ ನೋಡಿದಳು. ಪ್ಲಾಸ್ಟಿಕ್ ಹೊದಿಕೆಯೊಳಗೆ ಎಂಟು ವಾಕ್ಯಗಳಿದ್ದವು.

"ಎಲ್ಲರಿಗೂ ಇದನ್ನೇ ಓದ್ತೀರಾ?"

ಅವನು ಮುಂದಿನ ವಾಕ್ಯ ಓದಿದ.

"ತಿಂಡಿ ಆಯ್ತಾ ಅಂತ ಕೇಳೋದು ಇಲ್ವಾ ಅದ್ರಲ್ಲಿ?"

ಇರಲಿಲ್ಲ. ಅವನ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಕೊನೆಯ ವಾಕ್ಯಕ್ಕೆ ಬಂದ. "ಯಾವಾಗ ಬೇಕಾದರೂ ನೀವು ಇದರಿಂದ ಹೊರಬರಬಹುದು. ಕಾರಣ ಹೇಳಬೇಕಾಗಿಲ್ಲ."

"ಅರ್ಧಕ್ಕೆ ಬಿಟ್ಟು ಹೋಗೋ ಪೈಕಿ ಅಲ್ಲ ನಾನು," ಎಂದಳು ಅವಳು. "ಹಾಕಿ ಕ್ಲಿಪ್, ಹಾಳೆ ಮೇಷ್ಟ್ರೇ."

ಕಿವಿಯ ಗುಳಿಯ ಚರ್ಮದಡಿ ಒಂದು ನರದ ಕವಲಿದೆ. ಸೂಜಿ ಚುಚ್ಚದೆ, ಚರ್ಮದ ಮೇಲಿಂದಲೇ ಅದಕ್ಕೆ ಸಣ್ಣ ಕರೆಂಟು ಕೊಟ್ಟರೆ ಕ್ರೀಡಾಪಟುವಿನ ದಮ್ಮು ಹೆಚ್ಚುತ್ತದೆಯೇ ಎಂಬುದು ಆ ಪ್ರಯೋಗಾಲಯದ ಪ್ರಶ್ನೆ. ಒಬ್ಬೊಬ್ಬರಿಗೂ ಎಂಟು ಪರೀಕ್ಷೆ. ಅರ್ಧ ಗಂಟೆ ಕ್ಲಿಪ್, ನಂತರ ನಿಂತಲ್ಲೇ ಓಡುವ ಸೈಕಲ್ಲಿನ ಮೇಲೆ ಇಪ್ಪತ್ತು ನಿಮಿಷ ಶಕ್ತಿ ಮೀರಿ ತುಳಿಯುವುದು. ಕೆಲವು ದಿನ ಕರೆಂಟು ಹರಿಯುತ್ತಲೇ ಇರುತ್ತದೆ. ಕೆಲವು ದಿನ ಅರ್ಧ ನಿಮಿಷ ಚುರುಗುಟ್ಟಿಸಿ ನಿಂತುಹೋಗುತ್ತದೆ. ಯಾವ ದಿನ ಯಾವುದು ಎಂಬುದು ತುಳಿಯುವವರಿಗೂ ತಿಳಿಯದು, ಕ್ಲಿಪ್ ಹಾಕುವವನಿಗೂ ತಿಳಿಯದು. ಆ ಪಟ್ಟಿ ನಿರ್ದೇಶಕರ ಬೀರುವಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿದೆ. ಪರೀಕ್ಷಕ ಹಾಳೆಯಲ್ಲಿರುವುದನ್ನು ಬಿಟ್ಟು ಒಂದು ಮಾತೂ ಆಡಬಾರದು. ಒಂದು "ಭೇಷ್" ಸಾಕು, ಅಂಕಿ ಏರಿಬಿಡುತ್ತದೆ. ಏರಿಸಿದ್ದು ಕರೆಂಟೋ ಭೇಷೋ ಎಂದು ಆಮೇಲೆ ಯಾರೂ ಹೇಳಲಾರರು.

ಅವಳಿಗೆ ಬೇಕಿದ್ದದ್ದು ಒಂದು ಅಂಕಿ. ವಯಸ್ಸು ಮೂವತ್ತಮೂರು, ಎಡ ಮೊಣಕಾಲಿಗೆ ಎರಡು ವರ್ಷದ ಹಿಂದೆ ಆಪರೇಷನ್. ತಂಡದಲ್ಲಿ ಒಂದೇ ಸ್ಥಾನ ಉಳಿದಿತ್ತು. ಆಯ್ಕೆಯ ಸೈಕಲ್ ಓಟಕ್ಕೆ ಹೆಸರು ಕೊಡಲು ಕೋಚ್ ಸಹಿ ಹಾಕಬೇಕು. ಕೋಚ್ ಎಂದರೆ ಅವಳ ಸೋದರಮಾವ. ಹನ್ನೆರಡನೇ ವಯಸ್ಸಿನಲ್ಲಿ ಅವಳನ್ನು ಸೈಕಲ್ ಹತ್ತಿಸಿದವರು, ಈಗ ಇಳಿಸಲು ಹೊರಟಿದ್ದರು.

"ಇಪ್ಪತ್ತು ನಿಮಿಷದ ತುಳಿತಕ್ಕೆ ಸರಾಸರಿ ಇನ್ನೂರ ಐವತ್ತು ವ್ಯಾಟ್ ಶಕ್ತಿ ತೋರಿಸು, ಸಹಿ ಹಾಕ್ತೀನಿ," ಎಂದಿದ್ದರು. "ಆಗಲ್ಲ ಅಂದ್ರೆ ಮಕ್ಕಳಿಗೆ ಕಲಿಸೋಕೆ ಬಾ. ಅದೂ ಮರ್ಯಾದೆಯ ಕೆಲಸವೇ."

ವಾರಕ್ಕೆರಡು ಬೆಳಿಗ್ಗೆ ಅವಳು ಬಂದಳು. ಪ್ರತಿ ಸಲ ಅವನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅವಳ ಕಿವಿಯ ಗುಳಿ ಒರೆಸುತ್ತಿದ್ದ. ಆ ತಂಪಿನ ಹಿಂದೆಯೇ ಬೆರಳ ತುದಿಯ ಬಿಸಿ. ಕೂದಲೆಳೆಯೊಂದು ಅಡ್ಡ ಬಂದರೆ ಅದನ್ನು ಸರಿಸಬೇಕೋ ಬೇಡವೋ ಎಂದು ಅವನ ಕೈ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಅವಳೇ ಸರಿಸಿಕೊಳ್ಳುತ್ತಿದ್ದಳು, ಬೇಕೆಂದೇ ತುಸು ತಡವಾಗಿ.

"ಇವತ್ತು ಹೊಸ ಶರ್ಟು?"

ಅವನು ಮೊದಲ ವಾಕ್ಯ ಓದುತ್ತಿದ್ದ.

"ಬಣ್ಣ ಒಪ್ಪುತ್ತೆ. ಮುಖಾನೂ ಅದೇ ಬಣ್ಣಕ್ಕೆ ತಿರುಗ್ತಾ ಇದೆ."

ಅವನು ಎರಡನೆಯ ವಾಕ್ಯವನ್ನು ಎರಡು ಸಲ ಓದಿದ.

ಆರನೆಯ ಪರೀಕ್ಷೆಯ ದಿನ ಹದಿನೆಂಟನೆಯ ನಿಮಿಷಕ್ಕೆ ಅವಳ ಮೊಣಕಾಲು ನಡುಗಿತು. ಹಿಡಿಕೆಯ ಮೇಲೆ ತಲೆ ಬಾಗಿತು. ಆಗ ಪಕ್ಕದಿಂದ, ಹಾಳೆಯಲ್ಲಿ ಎಲ್ಲೂ ಇಲ್ಲದ ಒಂದು ಮಾತು ಬಂತು.

"ಬಿಡಬೇಡಿ."

ಅವಳು ಬಿಡಲಿಲ್ಲ. ಇಪ್ಪತ್ತು ನಿಮಿಷ ಮುಗಿದಾಗ ಪರದೆಯ ಮೇಲೆ ಸರಾಸರಿ ಇನ್ನೂರ ಐವತ್ತೊಂದು.

ಸಂಜೆ ಅಂಕಿ ಕೇಳಿ ಮಾವ ನಕ್ಕರು. "ಅದು ಕಿವಿ ಮಿಷನ್ನಿನ ಕೆಲಸ ಕಣಮ್ಮ. ರಸ್ತೆಯಲ್ಲಿ ಅದನ್ನ ಹಾಕ್ಕೊಂಡು ಹೋಗ್ತೀಯಾ?"

"ಇವತ್ತು ಮಿಷನ್ ಆನ್ ಇತ್ತೋ ಆಫ್ ಇತ್ತೋ ದೇವರಿಗೇ ಗೊತ್ತು!"

"ಹಾಗಾದ್ರೆ ಆಫ್ ಇತ್ತು ಅಂತ ಲ್ಯಾಬಿನಿಂದ ಬರೆಸ್ಕೊಂಡು ಬಾ."

ಮರುದಿನ ಅವಳು ಲ್ಯಾಬಿಗೆ ಹೋದಾಗ ಅವಳ ಫೈಲಿನಲ್ಲಿ ಆರನೆಯ ಅಂಕಿಯ ಮೇಲೆ ಕೆಂಪು ಗೆರೆ ಎಳೆದಿತ್ತು.

"ಯಾರು ಹೊಡೆದು ಹಾಕಿದ್ದು ಇದನ್ನ?"

"ನಾನೇ," ಎಂದ ಅವನು. ಕೈಯಲ್ಲಿ ಹಾಳೆ ಇರಲಿಲ್ಲ. "ನಿಯಮ ಮುರಿದೆ. ಮಾತಾಡಿಬಿಟ್ಟೆ. ಅದನ್ನ ವರದಿ ಮಾಡದೆ ಇರೋಕಾಗಲ್ಲ."

"ಒಂದೇ ಒಂದು ಮಾತು ರೀ!"

"ಒಂದೇ ಸಾಕು. ಆಮೇಲೆ ಈ ಕೆಲಸದಿಂದಲೂ ಹಿಂದೆ ಸರಿದಿದ್ದೀನಿ. ಉಳಿದ ಎರಡು ಪರೀಕ್ಷೆ ಬೇರೆಯವರು ಮಾಡ್ತಾರೆ."

ಅವನು ವರದಿಯ ನಮೂನೆಯನ್ನು ಅವಳತ್ತ ತಿರುಗಿಸಿದ. ಕಾರಣ ಎಂಬ ಕಡೆ ಅವನ ದುಂಡು ಅಕ್ಷರವಿತ್ತು: 'ಹದಿನೇಳನೆಯ ಕ್ರೀಡಾಪಟುವಿನ ವಿಷಯದಲ್ಲಿ ಪರೀಕ್ಷಕ ತಟಸ್ಥನಾಗಿ ಉಳಿದಿಲ್ಲ. ಮೂರನೆಯ ಪರೀಕ್ಷೆಯಿಂದಲೇ.'

ಹದಿನೇಳು ಅವಳ ನಂಬರು. ಅವಳು ಎರಡು ಸಲ ಓದಿದಳು.

"ತಟಸ್ಥನಾಗಿಲ್ಲ ಅಂದ್ರೆ?"

"ಅಂದ್ರೆ... ಅದೇ."

"ಅದೇ ಅಂದ್ರೆ?"

"ನೀವು ಬರೋ ದಿನ ಬೆಳಿಗ್ಗೆ ಐದಕ್ಕೇ ಎಚ್ಚರ ಆಗುತ್ತೆ. ಬರದಿರೋ ದಿನಾನೂ ಆಗುತ್ತೆ."

ಅವಳ ಎದೆ ಹದಿನೆಂಟನೆಯ ನಿಮಿಷದಂತೆ ಬಡಿದುಕೊಂಡಿತು. ಆದರೂ ಕೋಪ ಇಳಿಯಲಿಲ್ಲ.

"ಕೇಳಿ ಇಲ್ಲಿ. ಮಿಷನ್ನಿನದಲ್ಲ, ಕಾಲು ನಂದು ಅಂತ ಮಾವನ ಹತ್ರ ಜಗಳ ಆಡಿ ಬಂದಿದ್ದೀನಿ. ನೀವು ನೋಡಿದ್ರೆ ಅದನ್ನ ನಿಮ್ಮ ಒಂದು ಮಾತಿನ ಲೆಕ್ಕಕ್ಕೆ ಹಾಕ್ಕೊಂಡ್ರಿ."

"ನಾನು ಹಾಗೆ..."

"ಭಾನುವಾರದ ಆಯ್ಕೆ ಓಟಕ್ಕೆ ಬನ್ನಿ. ಹದಿನೈದನೇ ಕಿಲೋಮೀಟರ್ ಹತ್ರ ಏರು ಬರುತ್ತೆ, ಅಲ್ಲೇ ನಾನು ಸಾಯೋದು. ಅಲ್ಲಿ ನಿಂತ್ಕೊಳ್ಳಿ. ತುಟಿ ಪಿಟಕ್ ಅನ್ನಬಾರದು."

ಅಲ್ಲಿಂದ ನೇರ ಮಾವನ ಮನೆಗೆ ಹೋಗಿ ಓಟದ ಅರ್ಜಿಯನ್ನು ಅವರ ಮುಂದಿಟ್ಟಳು. "ಸಹಿ ಹಾಕಿ ಮಾವ. ಇಪ್ಪತ್ತು ಕಿಲೋಮೀಟರ್, ಮೂವತ್ತೊಂದು ನಿಮಿಷ. ಒಂದು ಸೆಕೆಂಡ್ ಹೆಚ್ಚಾದ್ರೂ ಸೈಕಲ್ ನಿಮ್ಮ ಅಂಗಳದಲ್ಲಿ ನಿಲ್ಲಿಸ್ತೀನಿ. ಸೋಮವಾರದಿಂದ ಮಕ್ಕಳಿಗೆ ಕಲಿಸ್ತೀನಿ."

ಮಾವ ಅವಳ ಮುಖ ನೋಡಿದರು. "ನಿಮ್ಮಮ್ಮನ ಹಟ ಹಾಗೇ ಇಳಿದಿದೆ," ಎಂದು ಗೊಣಗುತ್ತ ಪೆನ್ನು ಹುಡುಕಿದರು.

ಭಾನುವಾರ ಎದುರು ಗಾಳಿಯಿತ್ತು. ಏರಿನ ಹತ್ತಿರ ಮೊಣಕಾಲು ಮತ್ತೆ ನಡುಗಿತು. ರಸ್ತೆಯಂಚಿನಲ್ಲಿ ಅವನು ನಿಂತಿದ್ದ. ಸುತ್ತಲಿನವರು ಕೂಗುತ್ತಿದ್ದರು. ಅವನು ಮಾತ್ರ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮುಖವೆಲ್ಲ ಕೆಂಪಾಗಿ ನಿಂತಿದ್ದ. ಅಷ್ಟು ಕಷ್ಟಪಟ್ಟು ಸುಮ್ಮನಿರುವ ಮನುಷ್ಯನನ್ನು ಅವಳು ನೋಡಿರಲೇ ಇಲ್ಲ. ನಗು ಬಂತು. ನಗಲು ಉಸಿರಿರಲಿಲ್ಲ. ಇದ್ದ ಉಸಿರನ್ನೆಲ್ಲ ಕಾಲಿಗೆ ಕೊಟ್ಟಳು.

ಗೆರೆ ದಾಟಿದಾಗ ಮಾವ ಸ್ಟಾಪ್‌ವಾಚನ್ನು ಅವಳ ಕಣ್ಣಿನ ಮುಂದೆ ಹಿಡಿದರು. ಮೂವತ್ತು ನಿಮಿಷ ಐವತ್ತಾರು ಸೆಕೆಂಡು. ತಂಡದಲ್ಲಿ ಉಳಿದಿದ್ದ ಆ ಒಂದು ಸ್ಥಾನ ಅವಳದಾಯಿತು.

"ಕಿವಿ ತೋರಿಸು," ಎಂದರು ಮಾವ.

ಅವಳು ಹೆಲ್ಮೆಟ್ ತೆಗೆದು ಎರಡೂ ಕಿವಿ ತೋರಿಸಿದಳು. ಏನೂ ಇರಲಿಲ್ಲ.

ಅಷ್ಟರಲ್ಲಿ ಏರಿನಿಂದ ಯಾರದೋ ಸ್ಕೂಟರಿನ ಹಿಂದೆ ಕುಳಿತು ಅವನು ಬಂದಿಳಿದ. ಮಾವ ಅವನನ್ನು ಮೇಲಿಂದ ಕೆಳಗೆ ಅಳೆದರು. "ನೀವೇನಾ ಆ ಲ್ಯಾಬಿನವರು? ಆವತ್ತು ಮಿಷನ್ ಆನ್ ಇತ್ತಾ, ಆಫ್ ಇತ್ತಾ?"

"ಲಕೋಟೆ ಒಡೆಯೋದು ಇನ್ನು ನಾಲ್ಕು ತಿಂಗಳಿಗೆ ಸರ್."

"ಒಡೆದ ಮೇಲೂ ನನಗೆ ಹೇಳೋದು ಬೇಡ," ಎಂದಳು ಅವಳು. ಮಾವ ನೀರು ತರುವ ನೆಪದಲ್ಲಿ ಆಚೆ ಹೋದರು.

ಅವಳು ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತಳು. "ಈಗ ಮಾತಾಡಬಹುದು."

ವರ್ಷಗಟ್ಟಲೆ ಹಾಳೆ ನೋಡಿಯೇ ಮಾತಾಡಿದ್ದವನಿಗೆ ನೆನಪಾದದ್ದೂ ಅದೇ.

"ಇದರಿಂದ ನೋವಾಗುವುದಿಲ್ಲ..."

"ಅದು ಸುಳ್ಳು ಅಂತ ಇಬ್ರಿಗೂ ಗೊತ್ತು. ಕೊನೇ ವಾಕ್ಯ ಹೇಳಿ."

ಅವನು ಅವಳ ಪಕ್ಕ ಕುಳಿತ. ಬೆವರಿಗೆ ಅಂಟಿದ್ದ ಕೂದಲೆಳೆಯೊಂದನ್ನು ಈ ಸಲ ಕೈ ಗಾಳಿಯಲ್ಲಿ ನಿಲ್ಲದೆ ಅವಳ ಕಿವಿಯ ಹಿಂದಕ್ಕೆ ಸರಿಸಿದ.

"ಯಾವಾಗ ಬೇಕಾದರೂ ನೀವು ಇದರಿಂದ ಹೊರಬರಬಹುದು. ಕಾರಣ ಹೇಳಬೇಕಾಗಿಲ್ಲ."

"ಬರಲ್ಲ," ಎಂದಳು ಅವಳು. "ಕಾರಣಾನೂ ಹೇಳಲ್ಲ."