ಎಲ್ಲರೂ ‘ಲವ್’, ಅವಳು ಮಾತ್ರ ಬ್ರಯೊನಿ

“ಬೇಗ ಹೊಲಿದುಬಿಡು ಲವ್... ಹೊರಗಡೆ ನಮ್ಮ ಹುಡುಗರು ಒದೆ ತಿಂತಾ ಇದಾರೆ.”

ಹುಬ್ಬು ಸೀಳಿ, ಮುಖವೆಲ್ಲ ರಕ್ತವಾಗಿ ಮೇಜಿನ ಮೇಲೆ ಕುಳಿತವನನ್ನು ಬ್ರಯೊನಿ ದಿಟ್ಟಿಸಿದಳು. ಥಾರ್ನ್‌ಲೀ ರಗ್ಬಿ ಲೀಗ್ ತಂಡದ ಡಾಕ್ಟರಾಗಿ ಅವಳಿಗೆ ಅದು ಮೊದಲ ಪಂದ್ಯ. ಅವನು ಕರ್ಟಿಸ್ ಓಲ್ಡ್‌ರಾಯ್ಡ್, ತಂಡದ ಫಾರ್ವರ್ಡ್. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲಿಗೆ ನುಗ್ಗುವುದೇ ಅವನ ಹೊಟ್ಟೆಪಾಡು.

“ಅಲ್ಲಾಡಿದ್ರೆ ಹುಬ್ಬು ಕಿವಿ ಹತ್ರ ಹೋಗತ್ತೆ ನೋಡು.”

“ಅಲ್ಲಾಡಲ್ಲ ಲವ್.”

ಅವನು ಅಲ್ಲಾಡಲಿಲ್ಲ. ಅಲ್ಲಾಡಿದ್ದು ಅವಳ ಮನಸ್ಸು.

ಆದರೆ ಅವಳೂ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲೇ ಹುಟ್ಟಿ ಬೆಳೆದವಳು, ಆ ‘ಲವ್’ಗೆ ಮರುಳಾಗುವಷ್ಟು ದಡ್ಡಿಯಲ್ಲ. ಅಲ್ಲಿ ಮಾತಿಗೆ ಸಿಕ್ಕವರೆಲ್ಲ ಲವ್; ಬಸ್ ಡ್ರೈವರೂ ಲವ್, ಮೀನಂಗಡಿಯವಳೂ ಲವ್. ಕರ್ಟಿಸ್ ಅಂತೂ ತನ್ನನ್ನು ಮೈದಾನದಿಂದ ಹೊರಗೆ ಕಳಿಸಿದ ರೆಫರಿಗೂ “ಸರಿ ಲವ್” ಅಂದ ಭೂಪ.

ಬೇಸಿಗೆ ಬರುವಷ್ಟರಲ್ಲಿ, ತರಬೇತಿ ಮುಗಿದ ಮೇಲೆ ಇಬ್ಬರೂ ಡೊರೀನಳ ಚಹಾದಂಗಡಿಯಲ್ಲಿ ಒಂದೇ ಮೇಜಿಗೆ ಕೂರುವುದು ರೂಢಿಯಾಗಿತ್ತು. ಡೊರೀನ್ ಮೈದಾನದ ಮೂಲೆಯಲ್ಲಿ ಅಂಗಡಿ ಇಟ್ಟ ಮುದುಕಿ. ಮಾಂಸದ ಪೈ ಮೇಲೆ ಬಟಾಣಿ ಸುರಿದುಕೊಂಡು ತಿನ್ನುತ್ತಾ ಕರ್ಟಿಸ್ ತನ್ನ ಕನಸು ಹೇಳುತ್ತಿದ್ದ.

“ಒಂದೇ ಒಂದು ಕಪ್ ಫೈನಲ್ ಆಡ್ಬೇಕು. ಈ ವರ್ಷಕ್ಕೆ ಕಾಂಟ್ರಾಕ್ಟ್ ಮುಗಿಯತ್ತೆ. ಆಮೇಲೆ ಈ ಮುದಿ ಎತ್ತನ್ನ ಯಾರು ಕೇಳ್ತಾರೆ?”

‘ನಾನು ಕೇಳ್ತೀನಿ’ ಎಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಹೇಳಲು ಒಳ್ಳೆಯ ದಿನಕ್ಕಾಗಿ ಕಾದಳು.

ಬಂದದ್ದು ಕಪ್‌ನ ಸೆಮಿಫೈನಲ್. ಎದುರಾಳಿಯ ಮೊಣಕಾಲು ಕರ್ಟಿಸನ ತಲೆಗೆ ಬಡಿಯಿತು. ಎದ್ದವನು ನೇರವಾಗಿ ಎದುರು ತಂಡದ ಸಾಲಿಗೆ ಹೋಗಿ ನಿಂತ. ಬ್ರಯೊನಿ ಅವನನ್ನು ಒಳಗೆ ಕರೆತಂದು ಪರೀಕ್ಷಿಸಿದಳು.

“ಇವತ್ತು ಯಾರ ಜೊತೆ ಆಟ?”

ಅವನು ತನ್ನ ಜೆರ್ಸಿಯ ಬಣ್ಣ ನೋಡಿಕೊಂಡ.

“ಸ್ಕೋರ್ ಎಷ್ಟು?”

“ನಾನು ಚೆನ್ನಾಗೇ ಇದೀನಿ...” ಅವನು ಅವಳ ಕೈ ಹಿಡಿದ. “ಕಳಿಸು ಲವ್. ಇದೊಂದು ಸಲ.”

ಕಳಿಸಿದರೆ ಕನಸು ಉಳಿಯುತ್ತದೆ... ಕನಸು ಕಂಡವನು ಉಳಿಯುತ್ತಾನಾ?

“ಇಲ್ಲ ಕರ್ಟಿಸ್. ಇವತ್ತಿಗೆ ನಿನ್ನ ಆಟ ಮುಗೀತು.”

ತಂಡ ಎರಡೇ ಅಂಕದಿಂದ ಸೋತಿತು.

ಮರುವಾರ ಅವನು ಸಿಕ್ಕಾಗ, “ಚೆನ್ನಾಗಿದೀಯಾ, ಬ್ರಯೊನಿ?” ಎಂದ. ನೀರಿನ ಬಾಟಲಿ ಕೊಟ್ಟರೆ, “ಥ್ಯಾಂಕ್ಸ್, ಬ್ರಯೊನಿ.” ಡೊರೀನಳಿಗೆ ಲವ್, ಅವಳ ಸೋಮಾರಿ ಬೆಕ್ಕಿಗೂ ಲವ್! ತನಗೆ ಮಾತ್ರ ಬರೀ ಹೆಸರು. ಯಾರಿಗೂ ಇಲ್ಲವೆನ್ನದ ಆ ಮಾತನ್ನು ತನ್ನಿಂದ ಮಾತ್ರ ಕಿತ್ತುಕೊಂಡನಲ್ಲ... ಅಷ್ಟೊಂದು ಕೋಪವೇ?

ಕೆಲವು ದಿನ ಸಹಿಸಿದಳು. ಮೂಲೆಯಲ್ಲಿ ಕೂತು ಅಳುವ ಜಾಯಮಾನ ಅವಳದಲ್ಲ. ಒಂದು ಮಧ್ಯಾಹ್ನ ಚಹಾದಂಗಡಿಗೆ ನುಗ್ಗಿ ಅವನೆದುರು ಕೂತೇಬಿಟ್ಟಳು.

“ನಾನು ಅವತ್ತು ಮಾಡಿದ್ದು ಸರಿ. ನಾಳೆ ಹಾಗೇ ಆದ್ರೂ ಅದನ್ನೇ ಮಾಡ್ತೀನಿ.”

“ಮಾಡ್ಲೇಬೇಕು.”

“ಮತ್ತೆ ಯಾಕೆ ನನಗೆ ಈ ಶಿಕ್ಷೆ? ಬೆಕ್ಕನ್ನೂ ಲವ್ ಅಂತೀಯ. ನನ್ನನ್ನ ಮಾತ್ರ ಹೆಸರು ಹಿಡಿದು ಕರೀತೀಯ.”

ಡೊರೀನ್ ಏನೂ ಕೆಲಸವಿಲ್ಲದಿದ್ದರೂ ಒಳಗೆ ಹೋದಳು. ಕರ್ಟಿಸನ ಕಿವಿ ಕೆಂಪಾಯಿತು.

“ಅವತ್ತು ನಂಗೆ ಸ್ಕೋರ್ ನೆನಪಿರ್ಲಿಲ್ಲ. ಊರು ನೆನಪಿರ್ಲಿಲ್ಲ. ನೀನು ಯಾರು ಅಂತಾನೂ ಗೊತ್ತಾಗ್ಲಿಲ್ಲ. ಬಾಯಿಗೆ ಬಂದಿದ್ದನ್ನ ಕರೆದೆ ಅಷ್ಟೇ...” ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಆಮೇಲೆ ಆಸ್ಪತ್ರೇಲಿ ಸ್ಕ್ಯಾನ್‌ಗೆ ಅಂತ ಒಂಟಿಯಾಗಿ ಮಲಗಿದ್ದಾಗ ಎಲ್ಲಕ್ಕಿಂತ ಮೊದಲು ನೆನಪಾಗಿದ್ದು ನಿನ್ನ ಹೆಸರು. ನನ್ನ ಹೆಸರು ಆಮೇಲೆ ಬಂತು. ಅದಾದ್ಮೇಲೆ ನಿನ್ನನ್ನ ಬಸ್ ಡ್ರೈವರ್‌ನ ಕರೆದ ಹಾಗೆ ಕರೆಯೋಕೆ ಬಾಯೇ ಬರ್ತಿಲ್ಲ, ಬ್ರಯೊನಿ.”

ಅವಳ ಕಣ್ಣು ತುಂಬಿತು. ಇಷ್ಟು ದಿನ ಕೋಪವೆಂದುಕೊಂಡದ್ದು ಇದಾ...

“ಕ್ಲಬ್‌ನವರು ಇನ್ನೊಂದು ವರ್ಷ ಆಡು ಅಂತಿದಾರೆ,” ಎಂದ ಅವನು. “ನೀನು ಬೇಡ ಅಂದ್ರೆ ಇವತ್ತೇ ಬೂಟು ಬಿಚ್ಚಿಡ್ತೀನಿ.”

“ಸ್ಕ್ಯಾನ್ ನೋಡಿದೀನಿ, ಚೆನ್ನಾಗಿದೆ. ಇನ್ನೊಬ್ಬ ಡಾಕ್ಟರೂ ನೋಡಿ ಒಪ್ಪಿದ್ರೆ ಆಡು. ಆದ್ರೆ ಇನ್ಮೇಲೆ ನಿನ್ನನ್ನ ನೋಡೋರು ಅವರೇ, ನಾನಲ್ಲ.”

ಅವನ ಮುಖ ಬಾಡಿತು. “ನಾನು ಹೇಳಿದ್ದು ತಪ್ಪಾಯ್ತಾ?”

“ಪೆದ್ದ. ತನ್ನ ಹುಡುಗನ ತಲೆ ಗಟ್ಟಿಯಾಗಿದೆ ಅಂತ ಡಾಕ್ಟರೇ ಸರ್ಟಿಫಿಕೇಟ್ ಕೊಟ್ರೆ ಯಾರು ನಂಬ್ತಾರೆ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಎರಡೂ ಕೈಗಳನ್ನು ತನ್ನ ದೊಡ್ಡ ಅಂಗೈಗಳಲ್ಲಿ ಹಿಡಿದುಕೊಂಡ.

“ಯಾರ ಹುಡುಗ ಅಂದೆ? ಇನ್ನೊಂದ್ಸಲ ಹೇಳು.”

“ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು. ಆದ್ರೂ ಹೇಳು.”

“ನನ್ನ ಹುಡುಗ,” ಎಂದಳು ಬ್ರಯೊನಿ.